ಪಂಪ್‌ಹೌಸಲ್ಲಿ ಲಾಗಿನ್ ಮಾಡೋಕೆ ಯಾರು ಕೂತಿರ್ತಾರೆ?

ಇವತ್ತಿನದು ಸ್ವಲ್ಪ ಉದ್ದದ ಬರಹ. ಡ್ರಿಪ್ಪಿಗೆ ಆಟೋಮೇಷನ್ ಹಾಕಿಸ್ಕೊಂಡಿರೋರು, ಹಾಕಿಸ್ಕೋಬೇಕು ಅಂತ ಇರೋರು ಪೂರ್ತಿ ಓದಿ. ಉಳಿದವರಿಗೆ ಮುಂದಿನ ವಾರ ದಾಳಿಂಬೆ ಚಾಟ್ನಿ ಬಗ್ಗೆ ಬರೀತೀನಿ.

ಈಗೀಗ ನಮ್ಮ ಸುತ್ತಮುತ್ತ ಎಷ್ಟೋ ಪಂಪ್‌ಹೌಸಲ್ಲಿ ಸ್ಟಾರ್ಟರ್ ಪಕ್ಕದಲ್ಲಿ ಒಂದು ಡಬ್ಬ ಬಂದು ಕೂತಿದೆ. ಬಿಚ್ಚಿ ನೋಡಿದ್ರೆ ಒಳಗೆ ಎಟಿಎಂ ಕಾರ್ಡಿನಷ್ಟು ಅಗಲದ ರಾಸ್ಪ್‌ಬೆರಿ ಪೈ ಅನ್ನೋ ಬೋರ್ಡು ಇರುತ್ತೆ. ಕೆಲವರ ಹತ್ತಿರ ಮಕ್ಕಳು ಬಿಟ್ಟ ಹಳೇ ಲ್ಯಾಪ್‌ಟಾಪೇ ಇದೆ, ಅದಕ್ಕೆ ಉಬುಂಟುನೋ ಮಿಂಟೋ ಹಾಕಿರ್ತಾರೆ. ಎರಡೂ ಲಿನಕ್ಸ್ ಕಂಪ್ಯೂಟರೇ. ಟೈಮಿಗೆ ಸರಿಯಾಗಿ ವಾಲ್ವ್ ತೆಗೆಯೋದು, ಮುಚ್ಚೋದು, ಮಣ್ಣಿನ ತೇವ ನೋಡೋದು, ಮೋಟರ್ ಓಡ್ತಾ ಇದೆಯಾ ಇಲ್ವಾ ಅಂತ ಫೋನಿಗೆ ತಿಳಿಸೋದು ಅದರ ಕೆಲಸ. ಕರೆಂಟ್ ಒಂದೇ ಸಮ ಇದ್ದರೆ ಚೆನ್ನಾಗೇ ಮಾಡುತ್ತೆ. ನಮ್ಮ ಕಡೆ ಕರೆಂಟ್ ಒಂದೇ ಸಮ ಇರೋ ದಿನ ಯಾವುದು, ನೀವೇ ಹೇಳಿ.

ನನಗೆ ಬರೋ ಫೋನುಗಳಲ್ಲಿ ಹೆಚ್ಚಿನವು ಒಂದೇ ಥರದವು. "ಅಣ್ಣ, ಕರೆಂಟ್ ಹೋಗಿ ಬಂತು. ಡಬ್ಬ ಆನ್ ಆಗಿದೆ, ಲೈಟು ಉರೀತಿದೆ, ಫೋನಲ್ಲಿ ಮಾತ್ರ ಆಫ್‌ಲೈನ್ ಅಂತ ತೋರಿಸ್ತಿದೆ. ಹೋಗಿ ವೈಫೈ ಹೆಸರಿನ ಮೇಲೆ ಒಂದು ಸಲ ಒತ್ತಿದ್ರೆ ತಕ್ಷಣ ಸರಿ ಹೋಗುತ್ತೆ. ಮತ್ತೆ ಕರೆಂಟ್ ಹೋದ್ರೆ ಮತ್ತೆ ಅದೇ ಕಥೆ." ಹಾಕಿಕೊಟ್ಟೋರನ್ನ ಕೇಳಿದ್ರೆ, "ನಿಮ್ಮ ಕಡೆ ಸಿಗ್ನಲ್ ವೀಕ್ ಸರ್" ಅಂತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಕರೆಂಟ್ ಹೋಗಿ ಬಂದಾಗ ಯಾರೂ ಮುಟ್ಟದೆ ತಾನಾಗೇ ಎದ್ದು ನೆಟ್ ಹಿಡಿಯದ ಕಂಪ್ಯೂಟರನ್ನ ತೋಟದಲ್ಲಿ ಕೂರಿಸಿ ಹೋಗೋದು ಅರ್ಧ ಕೆಲಸ. ಬೋರ್ ಕೊರೆದು ಕೇಸಿಂಗ್ ಇಳಿಸದೆ ಹೋದ ಹಾಗೆ. ಪೂರ್ತಿ ಮಾಡಿಕೊಡೋವರೆಗೂ ಬಾಕಿ ದುಡ್ಡು ಕೊಡಬಾರದು. ಪೂರ್ತಿ ಮಾಡೋಕೆ ಹೊಸ ಸಾಮಾನು ಬೇಕಾಗೋದು ಅಪರೂಪ. ಹೆಚ್ಚಿನ ಕಡೆ ಅರ್ಧ ಗಂಟೆ ಕೂತು ನಾಲ್ಕು ಸೆಟ್ಟಿಂಗ್ ಸರಿ ಮಾಡಿದ್ರೆ ಮುಗೀತು.

ಇಷ್ಟು ಗಟ್ಟಿಯಾಗಿ ಹೇಳೋಕೆ ಕಾರಣ ಇದೆ. ನಾವು ಈ ಡಬ್ಬಕ್ಕೆ ದುಡ್ಡು ಹಾಕಿದ್ದೇ ರಾತ್ರಿ ಓಡಾಟ ತಪ್ಪಲಿ ಅಂತ. ತ್ರೀಫೇಸ್ ಪಾಳಿ ಒಂದು ವಾರ ಹಗಲು ಬಂದ್ರೆ ಇನ್ನೊಂದು ವಾರ ರಾತ್ರಿ. ರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡ್ಕೊಂಡು ಬದು ಮೇಲೆ ನಡೆಯೋದು ಅಂದ್ರೆ ಏನು ಅಂತ ನಿಮಗೆ ಹೇಳ್ಬೇಕಾಗಿಲ್ಲ. ಮಂಡಲದ ಹಾವು, ಕರಡಿ, ಈಗಂತೂ ಚಿರತೆ. ಡಬ್ಬ ಆಫ್‌ಲೈನ್ ಅಂದ್ರೆ ವಾಲ್ವ್ ತೆರೆದಿದೆಯೋ ಇಲ್ವೋ, ಮೋಟರ್ ನೀರಿಲ್ಲದೆ ಬರೀ ಓಡ್ತಾ ಇದೆಯೋ ಏನೋ, ಒಂದೂ ಗೊತ್ತಾಗಲ್ಲ. ಹೋಗಲೇಬೇಕು. ಅದೂ ಕರೆಂಟ್ ಹೋಗಿ ಬಂದ ರಾತ್ರೀಲೇ, ಅಂದ್ರೆ ಗಾಳಿ ಮಳೆ ಇರೋ ರಾತ್ರೀಲೇ. ಹಾಗಿದ್ದ ಮೇಲೆ ಡಬ್ಬ ಯಾಕೆ ಬೇಕಿತ್ತು?

ಈಗ ಸಿಗ್ನಲ್ ಮಾತು. ಇದನ್ನ ಪರೀಕ್ಷೆ ಮಾಡೋದು ಸುಲಭ. ನೀವು ಹೋಗಿ ವೈಫೈ ಹೆಸರಿನ ಮೇಲೆ ಒತ್ತಿದ ತಕ್ಷಣ ಕನೆಕ್ಟ್ ಆಗಿ, ಮುಂದಿನ ಸಲ ಕರೆಂಟ್ ಹೋಗೋವರೆಗೂ ಸರಿಯಾಗಿ ಇರುತ್ತೆ ಅಂದ್ರೆ ಸಿಗ್ನಲ್ಲಿಗೆ ಏನೂ ಆಗಿಲ್ಲ. ಸಿಗ್ನಲ್ ವೀಕ್ ಆಗಿದ್ರೆ ಕರೆಂಟ್ ಇರುವಾಗಲೂ ಹೋಗಿ ಬಂದು ಮಾಡಬೇಕಿತ್ತು. ಪ್ರತಿ ಸಲ ಕರೆಂಟ್ ಬಂದ ಮೇಲೇ ಕೈಕೊಡುತ್ತೆ, ಕೈಯಿಂದ ಒತ್ತಿದ್ರೆ ಸರಿಹೋಗುತ್ತೆ ಅಂದ್ರೆ ತೊಂದರೆ ಇರೋದು ಕಂಪ್ಯೂಟರ್ ಏಳೋ ಹೊತ್ತಿನಲ್ಲಿ. ಇದನ್ನ ಹಾಕಿಕೊಟ್ಟೋರಿಗೆ ಹೀಗೇ ಹೇಳಿ. ಅರ್ಧ ಜನ ಅಲ್ಲೇ ಸುಮ್ಮನಾಗ್ತಾರೆ.

ನಮ್ಮ ಸ್ಟಾರ್ಟರಿನ ಆಟೋ ಸ್ವಿಚ್ ನೆನಪು ಮಾಡ್ಕೊಳ್ಳಿ. ಆಟೋದಲ್ಲಿ ಇಟ್ರೆ ಕರೆಂಟ್ ಬಂದ ತಕ್ಷಣ ಮೋಟರ್ ಹತ್ತುತ್ತೆ, ಮ್ಯಾನುಯಲ್‌ನಲ್ಲಿ ಇಟ್ರೆ ಯಾರಾದ್ರೂ ಹೋಗಿ ಹಸಿರು ಗುಂಡಿ ಒತ್ತಬೇಕು. ಕಂಪ್ಯೂಟರಿನ ವೈಫೈಗೂ ಇಂಥದ್ದೇ ಒಂದು ಆಟೋ ಇದೆ. ಇವತ್ತಿನ ಹೆಚ್ಚಿನ ಲಿನಕ್ಸ್‌ಗಳಲ್ಲಿ ನೆಟ್ ನೋಡಿಕೊಳ್ಳೋದು ನೆಟ್‌ವರ್ಕ್ ಮ್ಯಾನೇಜರ್ ಅನ್ನೋ ಪ್ರೋಗ್ರಾಮು. ಅದರಲ್ಲಿ ಪ್ರತಿ ವೈಫೈಗೂ ಒಂದೊಂದು ಖಾತೆ ಇರುತ್ತೆ. ಆ ಖಾತೇಲಿ ಆಟೋ ಕನೆಕ್ಟ್ ಅನ್ನೋದು ಹೌದು ಅಂತ ಇರಬೇಕು. ಇದು ಮೊದಲೇ ಹೌದು ಅಂತ್ಲೇ ಇರುತ್ತೆ, ಇದರಿಂದ ತೊಂದರೆ ಆಗೋದು ಕಮ್ಮಿ.

ತೊಂದರೆ ಆಗೋದು ಅದರ ಪಕ್ಕದ ಎರಡು ವಿಷಯದಿಂದ. ಒಂದು, ಆ ಖಾತೆ ಯಾರದ್ದು ಅನ್ನೋದು. ಕಂಪ್ಯೂಟರಲ್ಲಿ ಒಬ್ಬ ಬಳಕೆದಾರ ಲಾಗಿನ್ ಆಗಿ ವೈಫೈ ಸೇರಿಸಿದಾಗ, ಕೆಲವು ಸಲ ಅದು ಅವನೊಬ್ಬನ ಹೆಸರಿಗೇ ಆಗಿಬಿಡುತ್ತೆ. ಪಹಣೀಲಿ ಒಬ್ಬರ ಹೆಸರು ಇದ್ದಂಗೆ. ಅವನು ಲಾಗಿನ್ ಆಗೋವರೆಗೂ ಕಂಪ್ಯೂಟರ್ ಆ ವೈಫೈ ಮುಟ್ಟಲ್ಲ. ಇನ್ನೊಂದು, ಪಾಸ್‌ವರ್ಡ್ ಎಲ್ಲಿದೆ ಅನ್ನೋದು. ಕೆಲವು ಡೆಸ್ಕ್‌ಟಾಪುಗಳು ವೈಫೈ ಪಾಸ್‌ವರ್ಡನ್ನ ಆ ಬಳಕೆದಾರನ ಕೀರಿಂಗ್ ಅನ್ನೋ ಬೀಗ ಹಾಕಿದ ಪೆಟ್ಟಿಗೇಲಿ ಇಡ್ತಾವೆ. ಆ ಬೀಗದ ಕೀ ಅಂದ್ರೆ ಲಾಗಿನ್ ಪಾಸ್‌ವರ್ಡು. ಆಫೀಸ್ ಟೇಬಲ್ ಮೇಲೆ ಇರೋ ಲ್ಯಾಪ್‌ಟಾಪಿಗೆ ಇದು ಒಳ್ಳೇ ವ್ಯವಸ್ಥೆ. ಬೆಳಗ್ಗೆ ಬಂದು ಒಬ್ಬರು ಲಾಗಿನ್ ಆಗೇ ಆಗ್ತಾರೆ. ಪಂಪ್‌ಹೌಸಲ್ಲಿ ಲಾಗಿನ್ ಆಗೋಕೆ ಹಲ್ಲಿ ಬಿಟ್ರೆ ಇನ್ಯಾರಿದ್ದಾರೆ?

ಇದನ್ನ ಸರಿ ಮಾಡೋದು ಹೀಗೆ. ವೈಫೈ ಗುರುತಿನ ಮೇಲೆ ಒತ್ತಿ ಎಡಿಟ್ ಕನೆಕ್ಷನ್ಸ್‌ಗೆ ಹೋಗಿ. ನಿಮ್ಮ ವೈಫೈ ಹೆಸರು ಆರಿಸಿ ತೆಗೆದ್ರೆ ಜನರಲ್ ಅನ್ನೋ ಪುಟದಲ್ಲಿ ಎರಡು ಟಿಕ್ ಇರುತ್ತೆ. ಒಂದು ತಾನಾಗೇ ಕನೆಕ್ಟ್ ಆಗಲಿ ಅನ್ನೋದು, ಇನ್ನೊಂದು ಎಲ್ಲ ಬಳಕೆದಾರರೂ ಈ ನೆಟ್‌ವರ್ಕ್ ಬಳಸಬಹುದು ಅನ್ನೋದು. ಎರಡಕ್ಕೂ ಟಿಕ್ ಹಾಕಿ. ಆಮೇಲೆ ವೈಫೈ ಸೆಕ್ಯೂರಿಟಿ ಪುಟಕ್ಕೆ ಹೋಗಿ. ಪಾಸ್‌ವರ್ಡ್ ಬರೆಯೋ ಜಾಗದ ಬಲಗಡೆ ತುದೀಲಿ ಒಂದು ಸಣ್ಣ ಚಿತ್ರ ಇರುತ್ತೆ, ಯಾರ ಕಣ್ಣಿಗೂ ಬೀಳಲ್ಲ. ಅದನ್ನ ಒತ್ತಿದ್ರೆ, ಪಾಸ್‌ವರ್ಡನ್ನ ಈ ಬಳಕೆದಾರನಿಗೆ ಮಾತ್ರ ಇಡಬೇಕಾ, ಎಲ್ಲರಿಗೂ ಇಡಬೇಕಾ, ಪ್ರತಿ ಸಲ ಕೇಳಬೇಕಾ ಅಂತ ಕೇಳುತ್ತೆ. ಎಲ್ಲರಿಗೂ ಅನ್ನೋದನ್ನ ಆರಿಸಿ, ಪಾಸ್‌ವರ್ಡ್ ಇನ್ನೊಂದು ಸಲ ಟೈಪ್ ಮಾಡಿ ಸೇವ್ ಮಾಡಿ. ಲ್ಯಾಪ್‌ಟಾಪ್ ಇಟ್ಟಿರೋರಲ್ಲಿ ಹೆಚ್ಚಿನವರ ಕಾಟ ಇಲ್ಲಿಗೇ ಮುಗಿಯುತ್ತೆ.

ಕೆಲವರು ಇದಕ್ಕೆ ಅಡ್ಡದಾರಿ ಹಿಡೀತಾರೆ. "ಆಟೋ ಲಾಗಿನ್ ಹಾಕಿಬಿಡ್ತೀನಿ, ಆನ್ ಆದ ತಕ್ಷಣ ತಾನೇ ಒಳಗೆ ಹೋಗುತ್ತೆ" ಅಂತಾರೆ. ಇದನ್ನ ಒಪ್ಪಬೇಡಿ. ಆಟೋ ಲಾಗಿನ್‌ನಲ್ಲಿ ಯಾರೂ ಪಾಸ್‌ವರ್ಡ್ ಟೈಪ್ ಮಾಡಿರಲ್ಲ. ಹಾಗಾಗಿ ಕೀರಿಂಗ್ ಪೆಟ್ಟಿಗೆಯ ಬೀಗ ತೆಗೆಯೋದೇ ಇಲ್ಲ. ಪರದೆ ಮೇಲೆ ಕೀರಿಂಗ್ ತೆಗೆಯೋಕೆ ಪಾಸ್‌ವರ್ಡ್ ಕೊಡಿ ಅಂತ ಒಂದು ಕಿಟಕಿ ಬಂದು ನಿಂತಿರುತ್ತೆ, ಕೊಡೋರು ಯಾರೂ ಇರಲ್ಲ. ಪೈ ಡಬ್ಬಕ್ಕಂತೂ ಪರದೇನೇ ಇರಲ್ಲ, ಯಾಕೆ ನಿಂತಿದೆ ಅಂತ್ಲೂ ಗೊತ್ತಾಗಲ್ಲ.

ಪಾಸ್‌ವರ್ಡನ್ನ ಹೀಗೆ ಎಲ್ಲರಿಗೂ ಅಂತ ಇಟ್ರೆ ಕಳ್ಳತನ ಆಗಲ್ವಾ ಅಂತ ಒಬ್ಬರು ಕೇಳಿದ್ರು. ಕೇಳಬೇಕಾದ ಪ್ರಶ್ನೆಯೇ. ಎಲ್ಲರಿಗೂ ಅಂತ ಇಟ್ಟ ಪಾಸ್‌ವರ್ಡು ಡಿಸ್ಕಿನಲ್ಲಿ ಒಂದು ಫೈಲಲ್ಲಿ ಇದ್ದ ಹಾಗೇ ಇರುತ್ತೆ. ಅದನ್ನ ಓದೋಕೆ ಅಡ್ಮಿನ್ ಅಧಿಕಾರ ಬೇಕು, ಆದ್ರೆ ಮೆಮೊರಿ ಕಾರ್ಡ್ ಕಿತ್ಕೊಂಡು ಹೋದೋನು ಓದಬಹುದು. ನನ್ನ ಲೆಕ್ಕದಲ್ಲಿ ಪಂಪ್‌ಹೌಸಿಗೆ ನುಗ್ಗಿದೋನು ಕೇಬಲ್ ಕತ್ತರಿಸ್ಕೊಂಡು ಹೋಗ್ತಾನೆ ಹೊರತು ವೈಫೈ ಪಾಸ್‌ವರ್ಡ್ ಹುಡುಕಲ್ಲ. ಆದ್ರೂ ಭಯ ಇದ್ದರೆ ರೂಟರಿನಲ್ಲಿ ಗೆಸ್ಟ್ ವೈಫೈ ಅಂತ ಬೇರೆ ಹೆಸರು ಮಾಡಿ ಡಬ್ಬಕ್ಕೆ ಅದನ್ನೇ ಕೊಡಿ. ಮನೇಲಿ ಬ್ಯಾಂಕ್ ಕೆಲಸ ಮಾಡೋ ಫೋನುಗಳು ಬೇರೆ ಕಡೆ ಇರಲಿ.

ರಾಸ್ಪ್‌ಬೆರಿ ಪೈ ಇರೋರಿಗೆ ಬೇರೆ ಒಂದು ಗುಂಡಿ ಇದೆ. ಯೂಟ್ಯೂಬಲ್ಲಿ ಪೈಗೆ ವೈಫೈ ಹಾಕೋದು ಹೇಗೆ ಅಂತ ಹುಡುಕಿದ್ರೆ, ಡಬ್ಲ್ಯುಪಿಎ ಸಪ್ಲಿಕೆಂಟ್ ಅನ್ನೋ ಫೈಲಲ್ಲಿ ವೈಫೈ ಹೆಸರು, ಪಾಸ್‌ವರ್ಡ್ ಬರೆದು ಮೆಮೊರಿ ಕಾರ್ಡಿನ ಬೂಟ್ ಫೋಲ್ಡರಿಗೆ ಹಾಕಿ ಅಂತ ನೂರಾರು ವಿಡಿಯೋ ಸಿಗುತ್ತೆ. ಅವು ಹಳೇವು. 2023ರ ಅಕ್ಟೋಬರಲ್ಲಿ ಪೈಗೆ ಬುಕ್‌ವರ್ಮ್ ಅನ್ನೋ ಹೊಸ ಆವೃತ್ತಿ ಬಂತು. ಅದರಿಂದ ಈಚೆಗೆ ಪೈನಲ್ಲೂ ನೆಟ್ ನೋಡ್ಕೊಳ್ಳೋದು ನೆಟ್‌ವರ್ಕ್ ಮ್ಯಾನೇಜರೇ. ಹಳೇ ಫೈಲ್ ಹಾಕಿದ್ರೆ ಪೈ ಅದನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಎಸ್.ಪಿ. ರಸ್ತೆಯಿಂದ ಬೋರ್ಡ್ ತಂದು, ಹೊಸ ಆವೃತ್ತಿ ತುಂಬಿ, ಹಳೇ ವಿಡಿಯೋ ನೋಡ್ಕೊಂಡು ಎರಡು ದಿನ ತಲೆ ಚಚ್ಕೊಳ್ಳೋ ಹುಡುಗರನ್ನ ನೋಡಿದ್ದೀನಿ. ಹುಡುಗರ ತಪ್ಪಲ್ಲ ಅದು. ಮೊದಲು ಯಾವ ಆವೃತ್ತಿ ಇದೆ ನೋಡಿ, ಆಮೇಲೆ ವಿಡಿಯೋದ ತಾರೀಖು ನೋಡಿ.

ಪೈನಲ್ಲಿ ದೇಶ ಯಾವುದು ಅನ್ನೋದನ್ನೂ ಹೇಳಬೇಕು. ವೈಫೈ ದೇಶ ಅಂತ ಒಂದು ಸೆಟ್ಟಿಂಗ್ ಇದೆ, ಅಲ್ಲಿ ಇಂಡಿಯಾ ಆರಿಸದಿದ್ರೆ ವೈಫೈ ರೇಡಿಯೋನೇ ಬಂದ್ ಆಗಿರುತ್ತೆ. ಯಾವ ದೇಶದಲ್ಲಿ ಯಾವ ಚಾನೆಲ್ ಬಳಸಬಹುದು ಅನ್ನೋ ಕಾನೂನಿಗೆ ಸಂಬಂಧಪಟ್ಟದ್ದು ಅದು. ರಾಸ್ಪಿ ಕಾನ್ಫಿಗ್ ಅನ್ನೋ ಮೆನುವಿನಲ್ಲಿ ಸಿಗುತ್ತೆ.

ಇಷ್ಟಾದ್ರೂ ಬರ್ಲಿಲ್ಲ ಅಂದ್ರೆ ಕಂಪ್ಯೂಟರನ್ನೇ ಕೇಳಬೇಕು. ಕೀಬೋರ್ಡ್, ಟಿವಿ ಹಚ್ಚಿ ಟರ್ಮಿನಲ್ ತೆಗೀರಿ. ಇಲ್ಲಿ ನಾನು ಓದೋಕೆ ಅನುಕೂಲ ಆಗ್ಲಿ ಅಂತ ಕನ್ನಡದಲ್ಲಿ ಬರೀತಿದೀನಿ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ. ಎನ್, ಎಂ, ಸಿ, ಎಲ್, ಐ ಐದೂ ಸೇರಿಸಿ, ಒಂದು ಜಾಗ ಬಿಟ್ಟು ಡಿವೈಸ್ ಅಂತ ಬರೆದು ಎಂಟರ್ ಒತ್ತಿ. ಒಂದು ಪಟ್ಟಿ ಬರುತ್ತೆ. ವೈಫೈ ಅನ್ನೋ ಸಾಲಿನ ಮುಂದೆ ಏನಿದೆ ನೋಡಿ. ಕನೆಕ್ಟೆಡ್ ಇದ್ದರೆ ಡಬ್ಬ ರೂಟರಿನವರೆಗೂ ತಲುಪಿದೆ, ತೊಂದರೆ ರೂಟರಿನಿಂದ ಆಚೆಗೆ. ಡಿಸ್‌ಕನೆಕ್ಟೆಡ್ ಇದ್ದರೆ ರೇಡಿಯೋ ಸರಿ ಇದೆ, ಖಾತೆ ಅಥವಾ ಪಾಸ್‌ವರ್ಡಿನ ತಕರಾರು. ಅನ್‌ಅವೈಲಬಲ್ ಅಂದ್ರೆ ರೇಡಿಯೋ ಬಂದ್ ಆಗಿದೆ ಅಥವಾ ಡ್ರೈವರ್ ಇಲ್ಲ. ಬಂದ್ ಆಗಿದೆಯಾ ಅನ್ನೋದನ್ನ ಆರ್‌ಎಫ್‌ಕಿಲ್ ಲಿಸ್ಟ್ ಅನ್ನೋ ಆಜ್ಞೆ ತೋರಿಸುತ್ತೆ.

ನಾಲ್ಕನೇದು ಅನ್‌ಮ್ಯಾನೇಜ್ಡ್. ಇದು ಬಂದ್ರೆ ಒಂದೇ ಹೊಲಕ್ಕೆ ಇಬ್ಬರು ಗುತ್ತಿಗೆದಾರರು ಇದ್ದಾರೆ ಅಂತ ಅರ್ಥ. ಡೆಬಿಯನ್‌ನಲ್ಲಿ ಹಳೇ ಪದ್ಧತಿ ಪ್ರಕಾರ ಇಂಟರ್‌ಫೇಸಸ್ ಅನ್ನೋ ಫೈಲಲ್ಲಿ ವೈಫೈ ಹೆಸರು ಬರೆದಿದ್ರೆ, ನೆಟ್‌ವರ್ಕ್ ಮ್ಯಾನೇಜರ್ ಅದು ಬೇರೆಯವರ ಸ್ವತ್ತು ಅಂತ ಕೈ ಹಾಕಲ್ಲ. ಆ ಸಾಲು ತೆಗೆದು ಕಂಪ್ಯೂಟರ್ ಮತ್ತೆ ಆನ್ ಮಾಡಿದ್ರೆ ಸರಿಹೋಗುತ್ತೆ. ಯಾರೋ ಒಬ್ಬರು ಬಂದು ಒಂದು ವಿಧಾನ ಹಾಕಿ, ಅದು ಆಗ್ಲಿಲ್ಲ ಅಂತ ಇನ್ನೊಬ್ಬರು ಬಂದು ಇನ್ನೊಂದು ಹಾಕಿ ಹೋಗಿರೋ ಡಬ್ಬಗಳಲ್ಲಿ ಇದು ಖಾಯಂ.

ಯಾವ ಹೊತ್ತಿಗೆ ಏನಾಯ್ತು ಅನ್ನೋ ದಿನಚರಿಯೂ ಇರುತ್ತೆ. ಜರ್ನಲ್‌ಸಿಟಿಎಲ್, ಜಾಗ, ಅಡ್ಡಗೆರೆ ಬಿ, ಜಾಗ, ಅಡ್ಡಗೆರೆ ಯು, ಜಾಗ, ನೆಟ್‌ವರ್ಕ್‌ಮ್ಯಾನೇಜರ್. ಇಲ್ಲಿ ಮಾತ್ರ ಎನ್ ಮತ್ತು ಎಂ ದೊಡ್ಡಕ್ಷರ, ನಡುವೆ ಜಾಗ ಬೇಡ. ಈ ಸಲ ಆನ್ ಆದಾಗಿನಿಂದ ನಡೆದಿದ್ದೆಲ್ಲ ಬರುತ್ತೆ. ಅರ್ಥ ಆಗದಿದ್ರೂ ಪರವಾಗಿಲ್ಲ, ಪರದೆಯ ಫೋಟೋ ತೆಗೆದು ಗೊತ್ತಿರೋರಿಗೆ ಕಳಿಸಿ. "ನೆಟ್ ಬರ್ತಿಲ್ಲ" ಅಂತ ನೂರು ಸಲ ಹೇಳೋದಕ್ಕಿಂತ ಅದೊಂದು ಫೋಟೋ ಸಾಕು.

ಇನ್ನು ನಮ್ಮ ಕಡೆಗೇ ವಿಶೇಷವಾದ ತೊಂದರೆ ಒಂದಿದೆ. ಕಂಪ್ಯೂಟರೂ ರೂಟರೂ ಒಂದೇ ಲೈನಲ್ಲಿ ಇರ್ತಾವೆ. ಕರೆಂಟ್ ಬಂದಾಗ ಎರಡೂ ಒಟ್ಟಿಗೆ ಏಳ್ತಾವೆ. ಪೈ ಅರ್ಧ ಮುಕ್ಕಾಲು ನಿಮಿಷಕ್ಕೆಲ್ಲ ರೆಡಿ. ಸಿಮ್ ಹಾಕಿರೋ ರೂಟರು ಟವರ್ ಹಿಡಿದು ನೆಟ್ ಕೊಡೋಕೆ ಎರಡು ಮೂರು ನಿಮಿಷ ತಗೊಳ್ಳೋದೂ ಉಂಟು. ಆಟೋ ಸ್ವಿಚ್ಚಿಗೆ ಟೈಮರ್ ಯಾಕೆ ಹಾಕ್ತೀವಿ? ಕರೆಂಟ್ ಬಂದ ಕ್ಷಣಕ್ಕೇ ಎಲ್ಲರ ಮೋಟರೂ ಒಟ್ಟಿಗೆ ಹತ್ತಿದ್ರೆ ವೋಲ್ಟೇಜ್ ಬಿದ್ದು ಟಿಸಿ ಹೋಗುತ್ತೆ, ಸ್ವಲ್ಪ ತಡೆದು ಹತ್ತಲಿ ಅಂತ. ಇಲ್ಲೂ ಆ ತಡೆಯೋ ಬುದ್ಧಿ ಬೇಕು.

ವೈಫೈ ಮಟ್ಟದಲ್ಲಿ ನೆಟ್‌ವರ್ಕ್ ಮ್ಯಾನೇಜರ್ ಸುಮಾರು ತಾಳ್ಮೆ ಇರೋದೇ. ಆದ್ರೆ ರೂಟರಿನ ವೈಫೈ ಹೆಸರು ಕಾಣಿಸಿಕೊಂಡು, ಅದು ಇನ್ನೂ ವಿಳಾಸ ಹಂಚೋಕೆ ತಯಾರಿಲ್ಲದಿದ್ರೆ, ಸಾಮಾನ್ಯವಾಗಿ 4 ಸಲ ಪ್ರಯತ್ನ ಮಾಡಿ ಕೈಬಿಡುತ್ತೆ. ಒಂದಷ್ಟು ಹೊತ್ತು ಬಿಟ್ಟು ಮತ್ತೆ ನೋಡುತ್ತೆ. ಆಟೋಕನೆಕ್ಟ್ ರಿಟ್ರೈಸ್ ಅನ್ನೋ ಸೆಟ್ಟಿಂಗನ್ನ 0 ಮಾಡಿದ್ರೆ ಸಿಗೋವರೆಗೂ ಬಿಡದೆ ಪ್ರಯತ್ನ ಮಾಡ್ತಾನೇ ಇರುತ್ತೆ. ಸೊನ್ನೆ ಅಂದ್ರೆ ಪ್ರಯತ್ನ ಬೇಡ ಅಂತ ಅಲ್ಲ, ಲೆಕ್ಕ ಇಲ್ಲ ಅಂತ. ಪಂಪ್‌ಹೌಸಿಗೆ ಸೊನ್ನೆಯೇ ಸರಿ.

ಅದರ ಮೇಲೆ ಓಡೋ ಪ್ರೋಗ್ರಾಮು, ಅಂದ್ರೆ ನಿಮ್ಮ ಫೋನಿಗೆ ಸುದ್ದಿ ಕಳಿಸೋದು, ಅದರ ಕಥೆ ಬೇರೆ. ಎಷ್ಟೋ ಡಬ್ಬದಲ್ಲಿ ವೈಫೈ ಸರಿಯಾಗೇ ಕನೆಕ್ಟ್ ಆಗಿರುತ್ತೆ, ಪ್ರೋಗ್ರಾಮು ಮಾತ್ರ ಸತ್ತಿರುತ್ತೆ. ಆನ್ ಆದ ತಕ್ಷಣ ಎದ್ದು, ನೆಟ್ ಇಲ್ಲ ಅಂತ ಕಂಡು, ಅಲ್ಲೇ ಮಲಗಿರುತ್ತೆ. ಲಿನಕ್ಸಲ್ಲಿ ಯಾವುದು ಯಾವಾಗ ಏಳಬೇಕು ಅಂತ ನೋಡೋದು ಸಿಸ್ಟಂಡಿ. ಅದರಲ್ಲಿ ನೆಟ್‌ವರ್ಕ್ ಟಾರ್ಗೆಟ್ ಅಂತ ಒಂದು, ನೆಟ್‌ವರ್ಕ್ ಆನ್‌ಲೈನ್ ಟಾರ್ಗೆಟ್ ಅಂತ ಇನ್ನೊಂದು ಇದೆ. ಮೊದಲನೇದರ ಹೆಸರು ಕೇಳಿ ಮೋಸ ಹೋಗಬಾರದು, ಅದು ನೆಟ್ ಬರೋವರೆಗೂ ಕಾಯಲ್ಲ. ಎರಡನೇದು ಕಾಯುತ್ತೆ, ಆದ್ರೆ ಅದಕ್ಕೂ ಒಂದು ಮಿತಿ ಇದೆ. ಕಾದು ಸಾಕಾಗಿ ಮುಂದಕ್ಕೆ ಬಿಟ್ಟುಬಿಡುತ್ತೆ. ಅದೂ ಅಲ್ದೆ ಅದು ನೋಡೋದು ರೂಟರಿನವರೆಗಿನ ಸಂಪರ್ಕ ಮಾತ್ರ, ರೂಟರಿಗೆ ಟವರ್ ಸಿಕ್ಕಿದೆಯಾ ಅಂತ ನೋಡಲ್ಲ. ಹಾಗಾಗಿ ಎರಡೂ ಇರಬೇಕು: ಪ್ರೋಗ್ರಾಮು ಎರಡನೇ ಟಾರ್ಗೆಟ್ ಆದ ಮೇಲೆ ಏಳಬೇಕು, ಅಕಸ್ಮಾತ್ ಬಿದ್ರೆ ತಾನಾಗೇ ಮತ್ತೆ ಏಳೋ ಹಾಗೆ ರೀಸ್ಟಾರ್ಟ್ ಆಲ್ವೇಸ್ ಅನ್ನೋ ಸಾಲು ಇರಬೇಕು. ಮಾಡಿಕೊಟ್ಟೋರಿಗೆ ಈ ಎರಡು ಮಾತು ಹೇಳಿ, ಅವರಿಗೆ ಅರ್ಥ ಆಗುತ್ತೆ. ಅರ್ಥ ಆಗದಿದ್ರೆ ಅವರ ಹತ್ತಿರ ಮಾಡಿಸೋದೇ ಬೇಡ.

ಐದೈದು ನಿಮಿಷಕ್ಕೆ ನೆಟ್ ಇದೆಯಾ ನೋಡಿ, ಇಲ್ಲದಿದ್ರೆ ಕಂಪ್ಯೂಟರನ್ನೇ ಆಫ್ ಮಾಡಿ ಆನ್ ಮಾಡೋ ಸ್ಕ್ರಿಪ್ಟ್ ಹಾಕಿಕೊಡೋರೂ ಇದ್ದಾರೆ. ನನಗೆ ಇದು ಕಂಡ್ರೆ ಆಗಲ್ಲ. ಟವರಿನಲ್ಲಿ ಕರೆಂಟ್ ಇಲ್ಲದ ದಿನ ನಮ್ಮ ಡಬ್ಬ ಬೆಳಗಿನವರೆಗೂ ಬಿದ್ದು ಎದ್ದು ಮಾಡ್ತಾನೇ ಇರುತ್ತೆ. ಆ ನಡುವೆ ತೆರೆದಿದ್ದ ವಾಲ್ವಿನ ಗತಿ ಏನು? ಬೇರು ನೋಡದೆ ಎಲೆಗೆ ಔಷಧಿ ಹೊಡೆಯೋ ಕೆಲಸ ಇದು.

ನೆಟ್ ಬರದಿದ್ರೆ ಗಡಿಯಾರವೂ ತಪ್ಪುತ್ತೆ. ಇದನ್ನ ಸ್ವಲ್ಪ ಗಮನ ಕೊಟ್ಟು ಓದಿ, ಬೆಳೆಗೆ ನೇರ ಪೆಟ್ಟು ಬೀಳೋದು ಇಲ್ಲೇ. ಲ್ಯಾಪ್‌ಟಾಪಲ್ಲಿ ಸಣ್ಣ ಬ್ಯಾಟರಿ ಮೇಲೆ ಓಡೋ ಗಡಿಯಾರ ಇರುತ್ತೆ. ರಾಸ್ಪ್‌ಬೆರಿ ಪೈ 4ರವರೆಗಿನ ಬೋರ್ಡುಗಳಲ್ಲಿ ಅದು ಇಲ್ಲ. ಪೈ 5ರಲ್ಲಿ ಗಡಿಯಾರ ಇದೆ, ಬ್ಯಾಟರಿ ಬೇರೆ ತಂದು ಹಾಕಬೇಕು. ಇಲ್ಲದಿದ್ರೆ ಪೈ ಆಫ್ ಆದಾಗ ಗಡಿಯಾರವೂ ನಿಲ್ಲುತ್ತೆ. ಆನ್ ಆದಾಗ ಕೊನೇಲಿ ಬರೆದಿಟ್ಟ ಟೈಮಿನಿಂದ ಮುಂದುವರಿಯುತ್ತೆ. ನೆಟ್ ಸಿಕ್ಕಿದ ಮೇಲಷ್ಟೇ ಸರಿಯಾದ ಟೈಮ್ ತಗೊಳ್ಳೋದು. ಈಗ ಲೆಕ್ಕ ಹಾಕಿ. ರಾತ್ರಿ 10ಕ್ಕೆ ಕರೆಂಟ್ ಹೋಯ್ತು, ಬೆಳಗಿನ ಜಾವ 4ಕ್ಕೆ ಬಂತು, ನೆಟ್ ಹಿಡೀಲಿಲ್ಲ. ಪೈ ಲೆಕ್ಕದಲ್ಲಿ ಇನ್ನೂ ರಾತ್ರಿ 10ರ ಆಸುಪಾಸು. 5 ಗಂಟೆಗೆ ತೆರೀಬೇಕಿದ್ದ ವಾಲ್ವು ತೆರೆಯೋದು ಹಗಲು 11ಕ್ಕೆ. ಅಷ್ಟೊತ್ತಿಗೆ ತ್ರೀಫೇಸ್ ಹೋಗಿರುತ್ತೆ. ಗಿಡ ಹೂವಿನಲ್ಲಿದ್ದಾಗ ಹೀಗೆ ಎರಡು ದಿನ ಆದ್ರೆ ಏನಾಗುತ್ತೆ ಅಂತ ದಾಳಿಂಬೆ ಹಾಕಿರೋರಿಗೆ ಗೊತ್ತು. ಡಿಎಸ್ 3231 ಅಂತ ಒಂದು ಗಡಿಯಾರದ ಬಿಲ್ಲೆ ಕೆಲವು ನೂರು ರೂಪಾಯಿಗೆ ಸಿಗುತ್ತೆ, ಪೈ ಪಿನ್ನಿಗೆ ಸಿಕ್ಕಿಸಬಹುದು. ಪೈ ಮೇಲೆ ನೀರು ಬಿಡೋ ಯಾರೂ ಅದಿಲ್ಲದೆ ಇರಬಾರದು ಅನ್ನೋದು ನನ್ನ ಮಾತು.

ಇದಕ್ಕೇ ಸೇರಿದ್ದು ಇನ್ನೊಂದು ಅಭಿಪ್ರಾಯ. ನೆಟ್ ಇರೋದು ಸುದ್ದಿಗೆ. ನೀರು ಬಿಡೋ ತೀರ್ಮಾನ ಡಬ್ಬದ ಒಳಗೇ ಆಗಬೇಕು. ಕೆಲವು ವ್ಯವಸ್ಥೇಲಿ ವಾಲ್ವ್ ತೆಗೀಬೇಕಾ ಬೇಡ್ವಾ ಅಂತ ಎಲ್ಲೋ ದೂರದ ಸರ್ವರನ್ನ ಕೇಳಿ ಮಾಡುತ್ತೆ. ನೆಟ್ ಇಲ್ಲ ಅಂದ್ರೆ ನೀರೂ ಇಲ್ಲ. ಕೊಳ್ಳೋ ಮೊದಲು ಒಂದು ಪ್ರಶ್ನೆ ಕೇಳಿ: ರೂಟರ್ ಆಫ್ ಮಾಡಿ ಒಂದು ವಾರ ಬಿಟ್ರೆ ನನ್ನ ತೋಟಕ್ಕೆ ಟೈಮಿಗೆ ನೀರು ಹೋಗುತ್ತಾ? "ಹಾಗೆಲ್ಲ ಆಗಲ್ಲ ಸರ್" ಅನ್ನೋದು ಉತ್ತರ ಅಲ್ಲ.

ಸಾಧ್ಯ ಇರೋರು ವೈಫೈ ಬಿಟ್ಟು ತಂತಿ ಎಳೀರಿ. ರೂಟರೂ ಡಬ್ಬವೂ ಒಂದೇ ಕೋಣೇಲಿದ್ರೆ ಒಂದು ಮೀಟರ್ ಲ್ಯಾನ್ ಕೇಬಲ್ ಸಾಕು. ಪಾಸ್‌ವರ್ಡ್, ಕೀರಿಂಗ್, ದೇಶ, ರೇಡಿಯೋ, ಮೇಲೆ ಬರೆದ ತಲೆನೋವಲ್ಲಿ ಅರ್ಧ ಅಲ್ಲೇ ಹೋಗುತ್ತೆ. ಒಂದೇ ಕೋಣೇಲಿ ಇಟ್ಟು ವೈಫೈಯಲ್ಲಿ ಜೋಡಿಸಿ ಹೋಗಿರೋದನ್ನ ನೋಡಿದ್ದೀನಿ, ಯಾಕೆ ಅಂತ ಇವತ್ತಿಗೂ ಅರ್ಥ ಆಗಿಲ್ಲ. ಮನೆಯಿಂದ ಪಂಪ್‌ಹೌಸಿಗೆ ಎಳೆಯೋದಾದ್ರೆ ಲ್ಯಾನ್ ಕೇಬಲ್ಲಿಗೆ 100 ಮೀಟರ್ ಮಿತಿ. ಬಯಲಲ್ಲಿ ತಂತಿ ಎಳೆದ್ರೆ ಸಿಡಿಲಿನ ಭಯ ಇದ್ದೇ ಇದೆ, ತೆಂಗಿನ ಸಾಲಿನ ಪಕ್ಕ ಅಂತೂ ಬೇಡ.

ದುಡ್ಡು ಕೊಡೋ ಮೊದಲು ಮಾಡ್ಬೇಕಾದ ಪರೀಕ್ಷೆ ಹೇಳ್ತೀನಿ. ಹಾಕಿಕೊಟ್ಟೋರು ಇರುವಾಗಲೇ ಪಂಪ್‌ಹೌಸಿನ ಮೇನ್ ಸ್ವಿಚ್ ಇಳಿಸಿ. "ಸರ್, ಹಾಗೆ ಆಫ್ ಮಾಡಬಾರದು, ಮೆಮೊರಿ ಕಾರ್ಡ್ ಹಾಳಾಗುತ್ತೆ" ಅಂತಾರೆ. ಮಾತು ಸುಳ್ಳಲ್ಲ, ಬರೀತಾ ಇರುವಾಗ ಕರೆಂಟ್ ಹೋದ್ರೆ ಕಾರ್ಡ್ ಕೆಡೋದು ಉಂಟು. ಆದ್ರೆ ಕರೆಂಟ್ ಏನು ಹೇಳಿ ಹೋಗುತ್ತಾ? ಅದಕ್ಕೆ ತಾಳದ ಡಬ್ಬಕ್ಕೆ ಸಣ್ಣ ಯುಪಿಎಸ್ ಹಾಕಿಕೊಡೋದು ಅವರ ಕೆಲಸ. ಹತ್ತು ನಿಮಿಷ ಬಿಟ್ಟು ಸ್ವಿಚ್ ಏರಿಸಿ. ಯಾರೂ ಕೀಬೋರ್ಡ್ ಮುಟ್ಟಬಾರದು. ಟೀ ಕುಡೀರಿ. ಐದು ನಿಮಿಷದಲ್ಲಿ ನಿಮ್ಮ ಫೋನಲ್ಲಿ ಆನ್‌ಲೈನ್ ಅಂತ ಬರಬೇಕು. ಆಮೇಲೆ ಡಬ್ಬ ಹಾಗೇ ಬಿಟ್ಟು ರೂಟರ್ ಮಾತ್ರ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಆನ್ ಮಾಡಿ. ಇದರಲ್ಲೂ ತಾನಾಗೇ ಸೇರಬೇಕು. ಕೊನೇದಾಗಿ ಎರಡೂ ಆಫ್ ಮಾಡಿ, ಡಬ್ಬ ಮೊದಲು ಆನ್ ಮಾಡಿ, ರೂಟರ್ ಐದು ನಿಮಿಷ ತಡವಾಗಿ ಆನ್ ಮಾಡಿ. ಹೆಚ್ಚಿನವು ಬೀಳೋದು ಈ ಮೂರನೇದರಲ್ಲಿ. ಲ್ಯಾಪ್‌ಟಾಪ್ ಬದಲು ಹಳೇ ಡೆಸ್ಕ್‌ಟಾಪ್ ಇಟ್ಟಿದ್ರೆ, ಕರೆಂಟ್ ಬಂದಾಗ ತಾನಾಗೇ ಆನ್ ಆಗೋ ಹಾಗೆ ಬಯಾಸಿನಲ್ಲಿ ಸೆಟ್ಟಿಂಗ್ ಇದೆ, ಅದನ್ನೂ ಹಾಕಿಸಿ. ಪೈಗೆ ಆ ಚಿಂತೆ ಇಲ್ಲ, ಕರೆಂಟ್ ಸಿಕ್ಕಿದ ತಕ್ಷಣ ಏಳುತ್ತೆ.

ಕೊನೆಗೆ ಪಾಸ್‌ವರ್ಡ್ ವಿಷಯ. ಇದರಲ್ಲಿ ನಮ್ಮವರು ತುಂಬ ಮೆದು. ಡಬ್ಬದ ಅಡ್ಮಿನ್ ಪಾಸ್‌ವರ್ಡ್ ಹಾಕಿದೋರ ಹತ್ತಿರವೇ ಉಳಿದಿರುತ್ತೆ, ನಾವು ಕೇಳಲ್ಲ, ಅವರು ಕೊಡಲ್ಲ. ನಾಳೆ ರೂಟರ್ ಸುಟ್ಟು ಬೇರೆ ತಂದ್ರೆ ಹೊಸ ವೈಫೈ ಹೆಸರು ಸೇರಿಸೋಕೂ ಅವರೇ ಬರಬೇಕು, ಬಂದ್ರೆ ವಿಸಿಟಿಂಗ್ ಚಾರ್ಜು. ಪಕ್ಕದ ಹಳ್ಳಿಯ ಒಬ್ಬರು ಇದಕ್ಕೇ ಹನ್ನೊಂದು ದಿನ ಕಾದರು, ಅಡಿಕೆ ಹಿಂಗಾರದ ಹೊತ್ತಿನಲ್ಲಿ. ಡಬ್ಬ ನಿಮ್ಮದು, ಕೀ ನಿಮ್ಮ ಹತ್ತಿರ ಇರಬೇಕು. ಬಳಕೆದಾರನ ಹೆಸರು, ಪಾಸ್‌ವರ್ಡ್, ಯಾವ ಆವೃತ್ತಿ, ವೈಫೈ ಹೆಸರು, ಇಷ್ಟನ್ನ ಒಂದು ಚೀಟೀಲಿ ಬರೆಸಿಕೊಂಡು ಮನೇಲಿ ಪಾಸ್‌ಬುಕ್ ಜೊತೆ ಇಡಿ. ಅವರು ಹೋದ ಮೇಲೆ ಪಾಸ್‌ವರ್ಡ್ ಬದಲಾಯಿಸಿ.

ಅಂದ ಹಾಗೆ ರೂಟರ್ ಬದಲಾಯಿಸೋರಿಗೆ ಒಂದು ಉಪಾಯ. ಹೊಸ ರೂಟರಿಗೆ ಹಳೇದರ ವೈಫೈ ಹೆಸರು, ಹಳೇದರ ಪಾಸ್‌ವರ್ಡೇ ಅಕ್ಷರ ತಪ್ಪದ ಹಾಗೆ ಕೊಡಿ. ದೊಡ್ಡಕ್ಷರ ಸಣ್ಣಕ್ಷರವೂ ಅದೇ ಇರಬೇಕು. ಡಬ್ಬಕ್ಕೆ ಬದಲಾಗಿದ್ದೇ ಗೊತ್ತಾಗಲ್ಲ, ತಾನಾಗೇ ಸೇರುತ್ತೆ. ಹಾಗೂ ಸೇರದಿದ್ರೆ ಖಾತೇಲಿ ಬಿಎಸ್‌ಎಸ್‌ಐಡಿ ಅನ್ನೋ ಜಾಗದಲ್ಲಿ ಯಾರಾದ್ರೂ ಹಳೇ ರೂಟರಿನ ನಂಬರ್ ತುಂಬಿರ್ತಾರೆ, ಅದನ್ನ ಅಳಿಸಿ ಖಾಲಿ ಬಿಡಿ.

ಈ ವಾರ ನಮ್ಮ ಫೀಡರಿಗೆ ಹಗಲು ಪಾಳಿ. ಭಾನುವಾರ ಬೆಳಗ್ಗೆ ಹತ್ತರ ಮೇಲೆ ನಾನು ತೋಟದಲ್ಲೇ ಇರ್ತೀನಿ. ಡಬ್ಬ ಬಿಚ್ಚಿ ತರಬಹುದಾದೋರು ತನ್ನಿ, ಕೀಬೋರ್ಡ್ ಮತ್ತು ಹಳೇ ಟಿವಿ ಇಲ್ಲಿದೆ. ಅಡ್ಮಿನ್ ಪಾಸ್‌ವರ್ಡ್ ಇಲ್ಲದೆ ಬಂದ್ರೆ ಹೆಚ್ಚೇನೂ ಮಾಡೋಕಾಗಲ್ಲ, ಶನಿವಾರದ ಒಳಗೆ ಫೋನ್ ಮಾಡಿ ಕೇಳಿ ಇಸ್ಕೊಂಡಿರಿ. ನಿಮ್ಮ ವೈಫೈ ಹೆಸರು, ಪಾಸ್‌ವರ್ಡ್ ಬರೆದುಕೊಂಡು ಬರೋದು ಮರೀಬೇಡಿ, ಇಲ್ಲಿ ನನ್ನ ವೈಫೈಗೆ ಸೇರಿಸಿದ್ರೆ ನಿಮ್ಮ ತೋಟದಲ್ಲಿ ಉಪಯೋಗಕ್ಕೆ ಬರಲ್ಲ.